ವಾಸದ ಮನೆಯ ಕಿಟಕಿಗಳಿಗೆ ಇಂಧನ ಮಿತವ್ಯಯದ ಗಾಜಿನ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ಹೊಸ ಮನೆಗೆ ನಕ್ಷೆ ಮಂಜೂರಾತಿ ಕೋರಿ ಅರ್ಜಿ ಸಲ್ಲಿಸುವವರೂ, ಹಳೆಯ ಮನೆಯ ಕಿಟಕಿಗಳನ್ನು ಬದಲಾಯಿಸಲು ಉದ್ದೇಶಿಸಿರುವವರೂ ಗಾಜಿನ ಬಗ್ಗೆ ಸಾಮಾನ್ಯವಾಗಿ ಕಟ್ಟಡದ ಕೊನೆಯ ಹಂತದಲ್ಲಿ, ಗಾರೆ ಕೆಲಸವೆಲ್ಲ ಮುಗಿದ ಮೇಲೆ, ಅಂಗಡಿಯಲ್ಲಿ ತೋರಿಸಿದ ಮಾದರಿಗಳ ಬಣ್ಣ ನೋಡಿ ತೀರ್ಮಾನ ಮಾಡುವುದು ಕಂಡುಬರುತ್ತದೆ. ಹೀಗೆ ಆಯ್ದ ಗಾಜು ಇಪ್ಪತ್ತು ಮೂವತ್ತು ವರ್ಷ ಆ ಗೋಡೆಯಲ್ಲಿಯೇ ಇರುತ್ತದೆ. ಪಶ್ಚಿಮಕ್ಕೆ ತೆರೆದ ಮಲಗುವ ಕೋಣೆಯಲ್ಲಿ ಬೇಸಿಗೆಯ ಸಂಜೆ ವಯಸ್ಸಾದವರು ಕುಳಿತುಕೊಳ್ಳಲು ಸಾಧ್ಯವೇ, ಮಗು ನಿದ್ರಿಸಲು ಸಾಧ್ಯವೇ, ಹಗಲಿನಲ್ಲಿಯೂ ದೀಪ ಹಾಕಬೇಕೇ ಎಂಬುದೆಲ್ಲ ಈ ಒಂದು ತೀರ್ಮಾನದ ಮೇಲೆ ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಆದ್ದರಿಂದ ಗಾಜಿನ ಆಯ್ಕೆಯನ್ನು ನಕ್ಷೆ ತಯಾರಿಸುವ ಹಂತದಲ್ಲಿಯೇ, ಕಿಟಕಿಯ ದಿಕ್ಕು, ಅಳತೆ ಮತ್ತು ಸಜ್ಜಾಗಳ ಜೊತೆಯಲ್ಲಿ ನಿರ್ಧರಿಸುವುದು ಸೂಕ್ತ. ಈ ಕೆಳಗಿನ ಮಾಹಿತಿಯನ್ನು ಕರ್ನಾಟಕದ ಹವಾಗುಣವನ್ನು ಗಮನದಲ್ಲಿಟ್ಟುಕೊಂಡು ಸಿದ್ಧಪಡಿಸಲಾಗಿದೆ.

ಗಾಜಿನ ಮೂಲಕ ಶಾಖ ಒಳಬರುವ ಬಗೆ

ಕಿಟಕಿಯ ಗಾಜಿನ ಮೂಲಕ ಶಾಖವು ಎರಡು ದಾರಿಗಳಲ್ಲಿ ಮನೆಯೊಳಗೆ ಬರುತ್ತದೆ. ಮೊದಲನೆಯದು ನೇರ ಬಿಸಿಲು. ಸೂರ್ಯನ ಕಿರಣಗಳು ಗಾಜನ್ನು ಸುಲಭವಾಗಿ ದಾಟಿ ನೆಲ, ಮಂಚ, ಗೋಡೆಗಳ ಮೇಲೆ ಬಿದ್ದು ಅವುಗಳನ್ನು ಕಾಯಿಸುತ್ತವೆ. ಹೀಗೆ ಕಾದ ವಸ್ತುಗಳು ಹೊರಸೂಸುವ ಶಾಖಕಿರಣಗಳು ಬೇರೆ ಬಗೆಯವಾದುದರಿಂದ ಗಾಜಿನ ಮೂಲಕ ನೇರವಾಗಿ ಹೊರಹೋಗಲಾರವು. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಕುಳಿತವರಿಗೆಲ್ಲ ಇದರ ಅನುಭವ ಇದ್ದೇ ಇರುತ್ತದೆ. ಎರಡನೆಯದು, ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಗಾಜಿನ ಮೂಲಕ ಹಾಗೂ ಚೌಕಟ್ಟಿನ ಮೂಲಕ ನಿಧಾನವಾಗಿ ಹಾದುಬರುವ ಶಾಖ.

ಈ ಎರಡರ ಪ್ರಮಾಣದಲ್ಲಿ ಎಷ್ಟು ಅಂತರವಿದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಪಶ್ಚಿಮದ ಕಿಟಕಿಯೊಂದರ ಮೇಲೆ ಬೇಸಿಗೆಯ ಮಧ್ಯಾಹ್ನದ ನಂತರ ಪ್ರತಿ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬೀಳುತ್ತಿದೆ ಎಂದು ಇಟ್ಟುಕೊಳ್ಳೋಣ. 6 ಮಿಲಿಮೀಟರ್ ದಪ್ಪದ ಸಾದಾ ಪಾರದರ್ಶಕ ಗಾಜು ಇದರಲ್ಲಿ ಶೇಕಡ 82ರಷ್ಟನ್ನು, ಅಂದರೆ ಸುಮಾರು 410 ವ್ಯಾಟ್‌ಗಳನ್ನು ಒಳಗೆ ಬಿಡುತ್ತದೆ. ಅದೇ ಹೊತ್ತಿನಲ್ಲಿ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಸೆಲ್ಸಿಯಸ್ ಇದ್ದರೆ, ಕೇವಲ ಉಷ್ಣತೆಯ ವ್ಯತ್ಯಾಸದಿಂದ ಅದೇ ಗಾಜಿನ ಮೂಲಕ ಬರುವ ಶಾಖ ಸುಮಾರು 46 ವ್ಯಾಟ್ ಮಾತ್ರ. ಒಂದಕ್ಕೊಂದು ಒಂಬತ್ತು ಪಾಲು ವ್ಯತ್ಯಾಸ.

ಶೀತ ದೇಶಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಹೊರಗೆ ಹಿಮ, ಒಳಗೆ ಬೆಂಕಿ ಅಥವಾ ಹೀಟರ್ ಇರುವುದರಿಂದ ಒಳಗಿನ ಬಿಸುಪನ್ನು ಹೊರಹೋಗದಂತೆ ತಡೆಯುವುದೇ ಗಾಜಿನ ಮುಖ್ಯ ಕೆಲಸ. ಬಿಸಿಲು ಒಳಬಂದರೆ ಅದು ಲಾಭ. ಎರಡು ಪದರದ ಗಾಜು, ಮೂರು ಪದರದ ಗಾಜು ಎಂಬ ಶಿಫಾರಸುಗಳು ಹೆಚ್ಚಾಗಿ ಆ ದೇಶಗಳ ಅಗತ್ಯದಿಂದ ಬಂದಿರುವಂಥವು. ಅವುಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿಕೊಂಡಲ್ಲಿ ಹಣ ಖರ್ಚಾಗಿ ಕೋಣೆ ಮಾತ್ರ ಬಿಸಿಯಾಗಿಯೇ ಉಳಿಯುವ ಸಂಭವವಿದೆ. ನಮ್ಮಲ್ಲಿ ಬಿಸಿಲನ್ನು ಗಾಜಿನ ಮೇಲೆ ಬೀಳದಂತೆ ತಡೆಯುವುದು ಮೊದಲ ಕೆಲಸ, ಬಿದ್ದ ಬಿಸಿಲನ್ನು ಕಡಿಮೆ ಒಳಬಿಡುವ ಗಾಜನ್ನು ಹಾಕುವುದು ಎರಡನೆಯದು. ಪದರಗಳ ಸಂಖ್ಯೆಯ ಪ್ರಶ್ನೆ ಬರುವುದು ಇವೆರಡರ ನಂತರ.

ಅಂಗಡಿಯಲ್ಲಿ ಕೇಳಬೇಕಾದ ಮೂರು ಸಂಖ್ಯೆಗಳು

ಗಾಜಿನ ಗುಣವನ್ನು ಬಣ್ಣದಿಂದಾಗಲಿ, ದಪ್ಪದಿಂದಾಗಲಿ, ಬೆಲೆಯಿಂದಾಗಲಿ ತಿಳಿಯಲಾಗದು. ತಯಾರಕರು ಪ್ರತಿಯೊಂದು ಗಾಜಿಗೂ ತಾಂತ್ರಿಕ ವಿವರ ಪತ್ರವನ್ನು ನೀಡುತ್ತಾರೆ. ಅದರಲ್ಲಿ ಮೂರು ಸಂಖ್ಯೆಗಳನ್ನು ನೋಡಿದರೆ ಸಾಕು.

ಸೌರಶಾಖ ಗಳಿಕೆಯ ಗುಣಾಂಕ: ಇದನ್ನು ವಿವರ ಪತ್ರದಲ್ಲಿ ಎಸ್‌ಎಚ್‌ಜಿಸಿ ಅಥವಾ ಸೋಲಾರ್ ಫ್ಯಾಕ್ಟರ್ ಎಂದು ನಮೂದಿಸಿರುತ್ತಾರೆ. ಗಾಜಿನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಬರುತ್ತದೆ ಎಂಬುದನ್ನು ಇದು ತಿಳಿಸುತ್ತದೆ. 0.82 ಎಂದರೆ ನೂರರಲ್ಲಿ 82 ಪಾಲು, 0.30 ಎಂದರೆ 30 ಪಾಲು. ಬಿಸಿಲು ಬೀಳುವ ಕಿಟಕಿಗೆ ಈ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಕೆಲವು ಪತ್ರಗಳಲ್ಲಿ ಇದರ ಬದಲು ಶೇಡಿಂಗ್ ಕೋಎಫಿಶಿಯೆಂಟ್ ಎಂಬ ಹಳೆಯ ಅಳತೆ ಇರುತ್ತದೆ. ಅದನ್ನು 0.87ರಿಂದ ಗುಣಿಸಿದರೆ ಹೆಚ್ಚು ಕಡಿಮೆ ಸೌರಶಾಖ ಗಳಿಕೆಯ ಗುಣಾಂಕ ದೊರೆಯುತ್ತದೆ. ಎರಡು ಅಂಗಡಿಗಳ ಗಾಜನ್ನು ಹೋಲಿಸುವಾಗ ಒಂದರಲ್ಲಿ ಈ ಅಳತೆ, ಇನ್ನೊಂದರಲ್ಲಿ ಆ ಅಳತೆ ಇಲ್ಲದಂತೆ ಎಚ್ಚರ ವಹಿಸಬೇಕು.

ಗೋಚರ ಬೆಳಕಿನ ಪ್ರಸರಣ: ವಿಎಲ್‌ಟಿ ಎಂದು ಬರೆದಿರುವ ಈ ಸಂಖ್ಯೆ ಎಷ್ಟು ಬೆಳಕು ಒಳಬರುತ್ತದೆ ಎಂಬುದನ್ನು ಹೇಳುತ್ತದೆ. ಸಾದಾ ಗಾಜಿನಲ್ಲಿ ಇದು ಸುಮಾರು ಶೇಕಡ 88 ಇರುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಇರುವುದರಿಂದ, ಬೆಳಕನ್ನು ಹೆಚ್ಚು ಕಳೆದುಕೊಳ್ಳದೆ ಶಾಖವನ್ನು ಮಾತ್ರ ತಡೆಯುವ ಗಾಜನ್ನು ತಯಾರಿಸುವುದು ಸಾಧ್ಯವಾಗಿದೆ. ಎರಡು ಗಾಜುಗಳ ಶಾಖ ಗಳಿಕೆ ಒಂದೇ ಆಗಿದ್ದಲ್ಲಿ, ಬೆಳಕು ಹೆಚ್ಚು ಬಿಡುವುದನ್ನು ಆರಿಸಿಕೊಳ್ಳುವುದು ಸರಿಯಾದ ಕ್ರಮ. ಗಾಜು ಕಪ್ಪಾಗಿದ್ದರೆ ತಂಪು ಎಂಬ ಸಾಮಾನ್ಯ ನಂಬಿಕೆ ಪೂರ್ಣ ಸತ್ಯವಲ್ಲ. ಕಪ್ಪು ಗಾಜು ಬೆಳಕನ್ನು ಖಂಡಿತವಾಗಿ ಕಡಿಮೆ ಮಾಡುತ್ತದೆ; ಶಾಖವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ ಎಂದೇನೂ ಇಲ್ಲ.

ಯು-ಮೌಲ್ಯ: ಒಳಗೂ ಹೊರಗೂ ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸವಿರುವಾಗ ಒಂದು ಚದರ ಮೀಟರ್ ಗಾಜಿನ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬ ಅಳತೆ ಇದು. ಒಂದೇ ಪದರದ ಗಾಜಿನಲ್ಲಿ ಸುಮಾರು 5.7, ನಡುವೆ 12 ಮಿಲಿಮೀಟರ್ ಗಾಳಿಯ ಅಂತರವಿರುವ ಎರಡು ಪದರದ ಸಾದಾ ಗಾಜಿನಲ್ಲಿ ಸುಮಾರು 2.8. ಹವಾನಿಯಂತ್ರಣ ಇಲ್ಲದ, ಕಿಟಕಿ ತೆರೆದಿಡುವ ಮನೆಗೆ ಈ ಸಂಖ್ಯೆಯಿಂದ ಆಗುವ ಪ್ರಯೋಜನ ಅತ್ಯಲ್ಪ. ತೆರೆದ ಕಿಟಕಿಗೆ ಯು-ಮೌಲ್ಯ ಎಂಬುದೇ ಇರುವುದಿಲ್ಲ.

ದಿಕ್ಕು ಮತ್ತು ಸಜ್ಜಾ

ಗಾಜಿಗೆ ಹಣ ಕೊಡುವ ಮೊದಲು ಪ್ರತಿಯೊಂದು ಕಿಟಕಿಯ ಮೇಲೆ ಬಿಸಿಲು ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂಬುದನ್ನು ಮನೆಯವರು ತಾವೇ ನಿಂತು ನೋಡುವುದು ಒಳಿತು. ನಿವೇಶನ ಖಾಲಿ ಇರುವಾಗಲೇ ಇದನ್ನು ಗಮನಿಸಬಹುದು. ಪಕ್ಕದ ಕಟ್ಟಡದ ನೆರಳೋ, ಬೀದಿಯ ಮರವೋ ಇದ್ದಲ್ಲಿ ಲೆಕ್ಕ ಬದಲಾಗುತ್ತದೆ.

ದಕ್ಷಿಣದ ಕಿಟಕಿಯನ್ನು ಸಜ್ಜಾದಿಂದ ರಕ್ಷಿಸುವುದು ಸುಲಭ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯಲ್ಲಿ, ಸೂರ್ಯನು ದಕ್ಷಿಣಕ್ಕೆ ಅತಿ ಹೆಚ್ಚು ವಾಲಿರುವಾಗಲೂ, ನಡುಹಗಲಿನಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಕಿಟಕಿಯ ಮೇಲಂಚಿನಲ್ಲಿರುವ 2 ಅಡಿ ಅಗಲದ ಸಜ್ಜಾ, 4 ಅಡಿ ಎತ್ತರದ ಕಿಟಕಿಯ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ನೆರಳು ಕೊಡುತ್ತದೆ. ಮಾರ್ಚ್ ಹೊತ್ತಿಗೆ ಅದೇ ಸಜ್ಜಾ ಇಡೀ ಕಿಟಕಿಯನ್ನು ನಡುಹಗಲಿನ ಬಿಸಿಲಿನಿಂದ ಮರೆಮಾಡುತ್ತದೆ. ಇಂತಹ ಕಿಟಕಿಗೆ ದುಬಾರಿ ಗಾಜಿನ ಅವಶ್ಯಕತೆ ಬಾರದು.

ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂಬ ಮಾತು ನಮ್ಮ ರಾಜ್ಯಕ್ಕೆ ಅನ್ವಯಿಸದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ಈ ಎರಡು ದಿನಗಳನ್ನೇ ಶೂನ್ಯ ನೆರಳಿನ ದಿನಗಳೆಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರೆ. ಕಲಬುರಗಿಯಲ್ಲಿ ಇದು ಮೇ ತಿಂಗಳ ಪೂರ್ವಾರ್ಧದಲ್ಲಿ ಆಗುತ್ತದೆ. ಆ ಅವಧಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಗೋಡೆಗೆ ಓರೆಯಾಗಿ ಬಿಸಿಲು ತಾಗುತ್ತದೆ. ಸಾಮಾನ್ಯ ಸಜ್ಜಾ ಹಾಗೂ ಪಕ್ಕದಲ್ಲಿ ಒಂದು ಕಿರಿದಾದ ಅಡ್ಡಗೋಡೆ ಇದ್ದರೆ ಸಾಕಾಗುತ್ತದೆ. ಉಳಿದಂತೆ ಉತ್ತರದ ಬೆಳಕು ಓದುವ ಕೋಣೆಗೂ ಅಡುಗೆ ಮನೆಗೂ ಅತ್ಯುತ್ತಮ. ಅಲ್ಲಿ ಸಾದಾ ಗಾಜನ್ನೇ ಹಾಕಬಹುದು.

ನಿಜವಾದ ತೊಂದರೆ ಇರುವುದು ಪಶ್ಚಿಮದಲ್ಲಿ. ಮಾರ್ಚ್ 21ರ ಆಸುಪಾಸಿನಲ್ಲಿ, ಸಂಜೆ ನಾಲ್ಕೂವರೆಯ ವೇಳೆಗೆ ಬೆಂಗಳೂರಿನಲ್ಲಿ ಸೂರ್ಯ ಸುಮಾರು 29 ಡಿಗ್ರಿಗೆ ಇಳಿದಿರುತ್ತಾನೆ. ಆಗ ಅದೇ 2 ಅಡಿಯ ಸಜ್ಜಾ ಕಿಟಕಿಯ ಮೇಲಿನ ಒಂದು ಅಡಿಗಿಂತ ತುಸು ಹೆಚ್ಚು ಭಾಗಕ್ಕೆ ಮಾತ್ರ ನೆರಳು ಕೊಡಬಲ್ಲದು. ಐದೂವರೆಗೆ ಅದು ಅರ್ಧ ಅಡಿಗೆ ಇಳಿಯುತ್ತದೆ. ಉಳಿದ ಗಾಜಿನ ಮೂಲಕ ಬಿಸಿಲು ಕೋಣೆಯ ಒಳಗೋಡೆಯವರೆಗೆ ನುಗ್ಗುತ್ತದೆ. ಸಜ್ಜಾವನ್ನು ಎಷ್ಟು ಅಗಲ ಮಾಡಿದರೂ ಇಳಿಬಿಸಿಲನ್ನು ತಡೆಯಲಾಗದು. ಆದ್ದರಿಂದ ಪಶ್ಚಿಮದಲ್ಲಿ ಕಿಟಕಿಯನ್ನು ಚಿಕ್ಕದಾಗಿಸುವುದು, ಸ್ನಾನಗೃಹ, ಮೆಟ್ಟಿಲು, ಉಗ್ರಾಣಗಳನ್ನು ಆ ಕಡೆಗೆ ಇಡುವುದು, ಹೊರಗಡೆ ಜಾಲಂದ್ರ, ಮರದ ಪಟ್ಟಿಗಳ ಬಾಗಿಲು ಅಥವಾ ಬಿದಿರಿನ ತಟ್ಟಿ ಹಾಕುವುದು, ಇವು ಮೊದಲ ಉಪಾಯಗಳು. ಇಷ್ಟಾಗಿಯೂ ಪಶ್ಚಿಮದಲ್ಲಿ ದೊಡ್ಡ ಕಿಟಕಿ ಅನಿವಾರ್ಯವಾದಲ್ಲಿ, ವಿಶೇಷ ಗಾಜಿಗೆ ಮೀಸಲಿಟ್ಟ ಹಣವನ್ನೆಲ್ಲ ಆ ಒಂದೆರಡು ಕಿಟಕಿಗಳಿಗೇ ವಿನಿಯೋಗಿಸುವುದು ಸೂಕ್ತ. ಇಡೀ ಮನೆಗೆ ಒಂದೇ ಬಗೆಯ ಗಾಜು ಇರಬೇಕೆಂಬ ನಿಯಮವೇನೂ ಇಲ್ಲ.

ಪೂರ್ವದ ಕಿಟಕಿಯ ಮೇಲೂ ಬಿಸಿಲು ಅಷ್ಟೇ ಬೀಳುತ್ತದೆ. ಆದರೆ ಆ ಹೊತ್ತಿನಲ್ಲಿ ಗಾಳಿಯೂ ಗೋಡೆಯೂ ತಣ್ಣಗಿರುವುದರಿಂದ ಅಷ್ಟು ಬಾಧಕವೆನಿಸುವುದಿಲ್ಲ.

ಒಳಗಡೆ ಹಾಕುವ ಪರದೆಯ ಬಗ್ಗೆ ಒಂದು ಮಾತು. ಪರದೆಯು ಕಣ್ಣಿಗೆ ಹೊಡೆಯುವ ಪ್ರಖರತೆಯನ್ನು ತಡೆಯುತ್ತದೆ. ಆದರೆ ಅದು ಬಿಸಿಲನ್ನು ತಡೆಯುವ ವೇಳೆಗೆ ಶಾಖ ಗಾಜನ್ನು ದಾಟಿ ಕೋಣೆಯೊಳಗೆ ಬಂದಾಗಿರುತ್ತದೆ. ಕಾದ ಪರದೆ ಆ ಶಾಖವನ್ನು ಕೋಣೆಗೇ ಬಿಡುತ್ತದೆ. ಗಾಜಿನ ಹೊರಗಿರುವ ಸಾಮಾನ್ಯ ತಟ್ಟಿಯೊಂದು ಒಳಗಿರುವ ಬೆಲೆಬಾಳುವ ಪರದೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾರುಕಟ್ಟೆಯಲ್ಲಿ ದೊರೆಯುವ ಗಾಜುಗಳು

ಸಾದಾ ಪಾರದರ್ಶಕ ಗಾಜು ಎಲ್ಲೆಡೆ ದೊರೆಯುತ್ತದೆ, ಬೆಲೆ ಕಡಿಮೆ, ನೆರಳಿನಲ್ಲಿರುವ ಕಿಟಕಿಗಳಿಗೆ ಇದಕ್ಕಿಂತ ಉತ್ತಮವಾದುದು ಬೇಕಿಲ್ಲ.

ಕಂದು, ಬೂದು, ಹಸಿರು ಬಣ್ಣದ ಗಾಜುಗಳು ಬಿಸಿಲನ್ನು ತಮ್ಮೊಳಗೇ ಹೀರಿಕೊಂಡು ಕಾಯುತ್ತವೆ. ಅವುಗಳ ಶಾಖ ಗಳಿಕೆಯ ಗುಣಾಂಕ ಸಾಮಾನ್ಯವಾಗಿ 0.6ರ ಸುಮಾರಿನಲ್ಲಿರುತ್ತದೆ, ಬೆಳಕು ಅರ್ಧಕ್ಕೆ ಇಳಿಯುವುದೂ ಉಂಟು. ಕಾದ ಗಾಜಿನ ಪಕ್ಕದಲ್ಲಿ ಕುಳಿತವರಿಗೆ ಅದರ ಝಳ ತಾಗುತ್ತದೆ. ಇದಲ್ಲದೆ, ಒಂದು ಭಾಗ ಬಿಸಿಲಿನಲ್ಲಿ, ಇನ್ನೊಂದು ಭಾಗ ನೆರಳಿನಲ್ಲಿ ಇರುವಂತೆ ಇಂತಹ ಗಾಜನ್ನು ಅಳವಡಿಸಿದಾಗ ಉಷ್ಣತೆಯ ವ್ಯತ್ಯಾಸದಿಂದ ತಾನಾಗಿಯೇ ಬಿರುಕು ಬಿಡುವ ಸಂಭವವಿದೆ.

ಕನ್ನಡಿಯಂತೆ ಹೊಳೆಯುವ ಪ್ರತಿಫಲಕ ಗಾಜು ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಜೊತೆಗೆ ಬೆಳಕನ್ನೂ. ಹಗಲಿನಲ್ಲಿ ಹೊರಗಿನವರಿಗೆ ಒಳಗೆ ಕಾಣದು ಎಂಬ ಕಾರಣಕ್ಕೆ ಇದನ್ನು ಬಹಳ ಮಂದಿ ಇಷ್ಟಪಡುತ್ತಾರೆ. ಸಂಜೆ ಒಳಗೆ ದೀಪ ಹಾಕಿದ ಕೂಡಲೇ ಇದು ತಿರುವುಮುರುವಾಗಿ, ಹೊರಗಿನವರಿಗೆ ಎಲ್ಲವೂ ಕಾಣಿಸುತ್ತದೆ, ಒಳಗಿನವರಿಗೆ ತಮ್ಮ ಮುಖವೇ ಕಾಣಿಸುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಇದರಿಂದ ಪ್ರತಿಫಲಿಸಿದ ಬಿಸಿಲು ಎದುರು ಮನೆಯ ಕಿಟಕಿಗೆ ಹೋಗಿ ಬೀಳುತ್ತದೆ. ಇಕ್ಕಟ್ಟಾದ ಬಡಾವಣೆಗಳಲ್ಲಿ ನೆರೆಹೊರೆಯವರ ನಡುವೆ ಇದು ವಿರಸಕ್ಕೆ ಕಾರಣವಾಗಬಹುದು.

ಲೋ-ಇ ಎಂದು ಕರೆಯಲಾಗುವ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಅಥವಾ ಲೋಹದ ಆಕ್ಸೈಡಿನ ಲೇಪನವಿರುತ್ತದೆ. ಬೆಳಕನ್ನು ಬಿಟ್ಟು ಶಾಖವನ್ನು ತಡೆಯುವ ಸಾಮರ್ಥ್ಯ ಇದರ ವಿಶೇಷ. ಆದರೆ ಲೋ-ಇ ಎಂಬ ಹೆಸರೊಂದೇ ಸಾಲದು. ಶೀತ ದೇಶಗಳಿಗಾಗಿ ತಯಾರಾಗುವ ಲೋ-ಇ ಗಾಜು ಬಿಸಿಲನ್ನು ಧಾರಾಳವಾಗಿ ಒಳಬಿಟ್ಟು ಒಳಗಿನ ಬಿಸುಪನ್ನು ಮಾತ್ರ ಹಿಡಿದಿಡುತ್ತದೆ. ನಮಗೆ ಬೇಕಾದುದು ಸೌರನಿಯಂತ್ರಣ ಲೋ-ಇ. ಸೌರಶಾಖ ಗಳಿಕೆಯ ಗುಣಾಂಕವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಲೇಪನದಲ್ಲಿಯೂ ಎರಡು ಬಗೆಗಳಿವೆ. ಗಟ್ಟಿ ಲೇಪನದ ಗಾಜನ್ನು ಒಂಟಿ ಪದರವಾಗಿ ಬಳಸಬಹುದು. ಮೃದು ಲೇಪನವು ಗಾಳಿ, ತೇವ, ಒರೆಸುವ ಬಟ್ಟೆಗಳಿಗೆ ತಾಳುವುದಿಲ್ಲವಾದ್ದರಿಂದ ಎರಡು ಪದರಗಳ ನಡುವೆ ಮುಚ್ಚಿಡಬೇಕಾಗುತ್ತದೆ. ಬಿಸಿಲು ತಡೆಯುವ ಉದ್ದೇಶಕ್ಕೆ ಲೇಪನವು ಹೊರಗಿನ ಗಾಜಿನ ಒಳಮೈಯಲ್ಲಿ ಇರಬೇಕು. ಅಳವಡಿಸುವಾಗ ಗಾಜನ್ನು ತಿರುಗಿಸಿ ಕೂರಿಸಿದರೆ ಫಲಿತಾಂಶ ಬದಲಾಗುತ್ತದೆ.

ಎರಡು ಪದರದ ಸಾದಾ ಗಾಜಿನ ಶಾಖ ಗಳಿಕೆಯ ಗುಣಾಂಕ 0.7ರ ಆಸುಪಾಸಿನಲ್ಲಿಯೇ ಇರುತ್ತದೆ. ಅಂದರೆ ಬಿಸಿಲು ಬೀಳುವ ಕಿಟಕಿಯಲ್ಲಿ, ಎರಡು ಪದರದ ಸಾದಾ ಗಾಜಿಗಿಂತ ಒಂದೇ ಪದರದ ಸೌರನಿಯಂತ್ರಣ ಗಾಜು ಹೆಚ್ಚು ತಂಪು ಕೊಡುತ್ತದೆ. ದಿನದ ಬಹುಭಾಗ ಹವಾನಿಯಂತ್ರಣ ಯಂತ್ರ ಓಡುವ ಕೋಣೆಗಳಲ್ಲಿ, ಅದೂ ಸೌರನಿಯಂತ್ರಣ ಲೇಪನದೊಂದಿಗೆ, ಎರಡು ಪದರದ ಗಾಜು ಸಾರ್ಥಕವಾದೀತು. ರಸ್ತೆಯ ಸದ್ದನ್ನು ತಡೆಯಲು ಎರಡು ಪದರ ಬೇಕೆಂದು ಹೇಳುವವರಿದ್ದಾರೆ. ಆ ಉದ್ದೇಶಕ್ಕೆ ಲ್ಯಾಮಿನೇಟೆಡ್ ಗಾಜು ಮತ್ತು ಸಂದಿ ಇಲ್ಲದೆ ಮುಚ್ಚಿಕೊಳ್ಳುವ ಚೌಕಟ್ಟು ಹೆಚ್ಚು ಉಪಯುಕ್ತ. ಸಂದಿ ಇರುವ ಕಿಟಕಿಗೆ ಯಾವ ಗಾಜು ಹಾಕಿದರೂ ಸದ್ದು ಒಳಬರುತ್ತದೆ.

ಟಫನ್ಡ್ ಗಾಜು ಶಾಖವನ್ನು ತಡೆಯುತ್ತದೆ ಎಂಬ ತಪ್ಪು ತಿಳಿವಳಿಕೆಯೂ ಪ್ರಚಾರದಲ್ಲಿದೆ. ಕಾಯಿಸಿ ಹಠಾತ್ತಾಗಿ ತಣಿಸಿ ಗಟ್ಟಿಗೊಳಿಸಿದ ಈ ಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲವಾದುದು, ಒಡೆದರೆ ಮೊಂಡಾದ ಸಣ್ಣ ಚೂರುಗಳಾಗುತ್ತದೆ. ಇದು ಸುರಕ್ಷತೆಯ ಗುಣ ಮಾತ್ರ. ಶಾಖದ ವಿಷಯದಲ್ಲಿ ಇದು ಸಾದಾ ಗಾಜಿಗೆ ಸಮ.

ಎಷ್ಟು ವಿದ್ಯುತ್ ಉಳಿಯಬಹುದು

ಪಶ್ಚಿಮಕ್ಕಿರುವ 3 ಚದರ ಮೀಟರಿನ ಕಿಟಕಿಗೆ, ಮೇಲ್ಕಂಡ 500 ವ್ಯಾಟ್ ಬಿಸಿಲಿನಲ್ಲಿ, ಸಾದಾ ಗಾಜಿನ ಮೂಲಕ 1230 ವ್ಯಾಟ್ ಶಾಖ ಒಳಬರುತ್ತದೆ. ಇದು ಒಂದು ಟನ್ ಸಾಮರ್ಥ್ಯದ ಹವಾನಿಯಂತ್ರಣ ಯಂತ್ರದ ಸುಮಾರು ಮೂರನೆಯ ಒಂದು ಭಾಗವನ್ನು ನುಂಗಿಹಾಕುವಷ್ಟು. 0.30 ಗುಣಾಂಕದ ಗಾಜು ಹಾಕಿದರೆ ಇದು 450 ವ್ಯಾಟಿಗೆ ಇಳಿಯುತ್ತದೆ. ಉಳಿಯುವ 780 ವ್ಯಾಟ್ ಶಾಖವನ್ನು ಹೊರಹಾಕಲು ಉತ್ತಮ ಯಂತ್ರಕ್ಕೆ ಸುಮಾರು 200 ವ್ಯಾಟ್ ವಿದ್ಯುತ್ ಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಹೆಚ್ಚೆಂದರೆ 24 ಯೂನಿಟ್.

ಈ ಲೆಕ್ಕವನ್ನು ಇಲ್ಲಿ ಕೊಟ್ಟಿರುವುದು ಸಾರ್ವಜನಿಕರು ಅತಿಶಯದ ಭರವಸೆಗಳನ್ನು ತಾವೇ ಪರಿಶೀಲಿಸಿಕೊಳ್ಳಲಿ ಎಂಬ ಉದ್ದೇಶದಿಂದ. ಹವಾನಿಯಂತ್ರಣವಿಲ್ಲದ ಮನೆಯಲ್ಲಿ ಗಾಜಿನಿಂದ ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯವೇ ಕಾಣದೆ ಇರಬಹುದು. ಅಲ್ಲಿ ದೊರೆಯುವ ಲಾಭ ಸಂಜೆ ಕೋಣೆಯಲ್ಲಿ ಕುಳಿತುಕೊಳ್ಳಬಹುದಾದ ನೆಮ್ಮದಿ, ಮತ್ತು ಯಂತ್ರವನ್ನು ಕೊಳ್ಳುವ ಅಗತ್ಯವೇ ಬಾರದಿರುವುದು. ಮೇಲಂತಸ್ತಿನಲ್ಲಿ ವಾಸಿಸುವವರು ಗಾಜಿಗಿಂತ ಮೊದಲು ಛಾವಣಿಯ ಕಡೆಗೆ ಗಮನ ಕೊಡಬೇಕು. ದಿನವಿಡೀ ಕಾಯುವ ತಾರಸಿಗೆ ಬಿಳಿ ಬಣ್ಣ ಬಳಿಸದೆ ಕಿಟಕಿಗೆ ವಿಶೇಷ ಗಾಜು ಹಾಕಿಸುವುದು ಕ್ರಮ ತಪ್ಪಿದ ಖರ್ಚು.

ತೆರೆಯುವ ಕಿಟಕಿ

ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಆದರೂ ಇಲ್ಲಿ ಬೇಸಿಗೆಯ ರಾತ್ರಿಗಳು ಹಗಲಿಗಿಂತ ಬಹಳ ತಂಪಾಗಿರುತ್ತವೆ. ಹಗಲಿನಲ್ಲಿ ಕಾದ ಗೋಡೆಗಳನ್ನು ರಾತ್ರಿಯ ಗಾಳಿಯೇ ಉಚಿತವಾಗಿ ತಣಿಸಬಲ್ಲದು, ಕಿಟಕಿ ತೆರೆಯುವಂತಿದ್ದರೆ. ತೆರೆಯಲಾಗದ ದೊಡ್ಡ ಗಾಜಿನ ಗೋಡೆ ನೋಡಲು ಅಂದವಾಗಿದ್ದರೂ ವಾಸಕ್ಕೆ ಅನುಕೂಲವಲ್ಲ.

ಕೇಂದ್ರ ಇಂಧನ ಸಚಿವಾಲಯದ ಅಧೀನದಲ್ಲಿರುವ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಎಕೋ-ನಿವಾಸ್ ಸಂಹಿತೆಯು ಇದಕ್ಕೆ ಕನಿಷ್ಠ ಪ್ರಮಾಣವನ್ನು ಸೂಚಿಸಿತು. ಆ ಪ್ರಕಾರ ಮನೆಯ ಕಾರ್ಪೆಟ್ ವಿಸ್ತೀರ್ಣಕ್ಕೆ ಹೋಲಿಸಿದಾಗ ಹೊರಕ್ಕೆ ತೆರೆಯುವ ಕಿಟಕಿ, ಬಾಗಿಲು, ವೆಂಟಿಲೇಟರುಗಳ ತೆರೆದ ಭಾಗವು ಬೆಂಗಳೂರಿನಂತಹ ಸಮಶೀತೋಷ್ಣ ವಲಯದಲ್ಲಿ ಶೇಕಡ 12.5ಕ್ಕೂ, ಮಂಗಳೂರಿನಂತಹ ಬಿಸಿ ಮತ್ತು ಆರ್ದ್ರ ವಲಯದಲ್ಲಿ ಶೇಕಡ 16.66ಕ್ಕೂ ಕಡಿಮೆ ಇರಕೂಡದು. 100 ಚದರ ಮೀಟರಿನ ಮನೆಗೆ ಬೆಂಗಳೂರಿನಲ್ಲಿ 12.5 ಚದರ ಮೀಟರ್ ತೆರೆಯುವ ಭಾಗ ಬೇಕೆಂದಾಯಿತು.

ಇಲ್ಲಿ ಕಿಟಕಿಯ ಮಾದರಿ ಮುಖ್ಯವಾಗುತ್ತದೆ. ಸಂಹಿತೆಯ ಲೆಕ್ಕದಲ್ಲಿ ಕೀಲಿನ ಮೇಲೆ ತೆರೆಯುವ ಕಿಟಕಿಯ ಶೇಕಡ 90ರಷ್ಟು ಭಾಗವನ್ನು ತೆರೆದದ್ದೆಂದು ಪರಿಗಣಿಸಲಾಗುತ್ತದೆ; ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿಯಲ್ಲಿ ಶೇಕಡ 50 ಮಾತ್ರ. ಆದ್ದರಿಂದ ಸ್ಲೈಡಿಂಗ್ ಕಿಟಕಿ ಹಾಕಿಸುವವರು ಅಷ್ಟೇ ಗಾಳಿಗಾಗಿ ಹೆಚ್ಚುಕಡಿಮೆ ಎರಡು ಪಟ್ಟು ಗಾಜಿಗೆ ಹಣ ಕೊಟ್ಟು, ಎರಡು ಪಟ್ಟು ಬಿಸಿಲನ್ನೂ ಒಳಬಿಟ್ಟುಕೊಂಡಂತಾಗುತ್ತದೆ. ಸೊಳ್ಳೆ ಪರದೆಯನ್ನು ಆರಂಭದಲ್ಲಿಯೇ ಅಳವಡಿಸಿಕೊಳ್ಳಬೇಕು. ಪರದೆ ಇಲ್ಲದ ಕಿಟಕಿಯನ್ನು ಸಂಜೆ ಆರರ ನಂತರ, ಅಂದರೆ ತೆರೆಯಲೇಬೇಕಾದ ಹೊತ್ತಿನಲ್ಲಿಯೇ, ಯಾರೂ ತೆರೆಯುವುದಿಲ್ಲ.

ಪ್ರದೇಶಕ್ಕೆ ತಕ್ಕಂತೆ

ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬೇಸಿಗೆಯ ಹಗಲಿನಲ್ಲಿ ಹೊರಗಿನ ಗಾಳಿಯೇ ಬೆಂಕಿಯಂತಿರುವುದರಿಂದ ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯುವುದು ರೂಢಿ. ಅಲ್ಲಿನ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ, ಬೆಳಕಿಗೆ ಮಾತ್ರ ಮೇಲೊಂದು ಬೆಳಕಿಂಡಿ ಇದ್ದುದು ಈ ಕಾರಣದಿಂದಲೇ. ಈಗ ಅದೇ ಊರುಗಳಲ್ಲಿ ನಗರದ ಮಾದರಿಯಲ್ಲಿ ಗೋಡೆ ತುಂಬ ಗಾಜು ಹಾಕಿಸುವವರು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು. ಹೊರಗೆ 42, ಒಳಗೆ 30 ಡಿಗ್ರಿ ಇರುವ ಹವಾನಿಯಂತ್ರಿತ ಕೋಣೆಯಲ್ಲಿ ಯು-ಮೌಲ್ಯವೂ ಲೆಕ್ಕಕ್ಕೆ ಬರುತ್ತದೆ: ಒಂದು ಪದರದ ಗಾಜಿನಲ್ಲಿ ಚದರ ಮೀಟರಿಗೆ ಸುಮಾರು 68 ವ್ಯಾಟ್, ಎರಡು ಪದರದಲ್ಲಿ ಅದರ ಅರ್ಧ.

ಕರಾವಳಿಯಲ್ಲಿ ಮುಖ್ಯವಾದುದು ಗಾಳಿಯ ಓಡಾಟ. ಎದುರುಬದುರು ಗೋಡೆಗಳಲ್ಲಿ ಕಿಟಕಿಗಳು, ಮಳೆಗಾಲದಲ್ಲಿಯೂ ತೆರೆದಿಡಬಹುದಾದಷ್ಟು ಅಗಲವಾದ ಸಜ್ಜಾ ಅಥವಾ ಮುಂಚಾಚಿದ ಹೆಂಚಿನ ಮಾಡು ಇರಬೇಕು. ಹವಾನಿಯಂತ್ರಿತ ಕೋಣೆಯ ಒಂಟಿ ಗಾಜಿನ ಹೊರಮೈಯಲ್ಲಿ ಬೆವರಿನಂತೆ ನೀರು ಕೂಡುವುದು ಅಲ್ಲಿ ಸಾಮಾನ್ಯ. ಇದು ಗಾಜಿನ ದೋಷವಲ್ಲ, ಒಳಗೆ ತೀರಾ ತಂಪು ಮಾಡಿರುವುದರ ಲಕ್ಷಣ. ಅಲ್ಯೂಮಿನಿಯಂ ಚೌಕಟ್ಟು ಉಪ್ಪುಗಾಳಿಗೆ ಕಳೆಗುಂದದಂತೆ ಸೂಕ್ತ ಲೇಪನವಿರುವುದನ್ನೇ ಆರಿಸಬೇಕು.

ಮಲೆನಾಡು ಮತ್ತು ಕೊಡಗಿನಲ್ಲಿ ವರ್ಷದ ಹಲವು ತಿಂಗಳು ಬೆಳಕಿಗೇ ಬರ. ಅಲ್ಲಿ ಬಣ್ಣದ ಗಾಜು ಸಲ್ಲದು.

ಸುರಕ್ಷತೆ

ನೆಲದ ಮಟ್ಟಕ್ಕೆ ಇಳಿಯುವ ಕಿಟಕಿ, ಬಾಲ್ಕನಿಯ ಬಾಗಿಲು, ಸ್ನಾನಗೃಹ, ಮೆಟ್ಟಿಲಿನ ಪಕ್ಕ, ಮಕ್ಕಳು ಓಡಾಡುವ ಎಡೆಗಳಲ್ಲಿ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜನ್ನೇ ಬಳಸಬೇಕು. ಕಟ್ಟಡಗಳಲ್ಲಿ ಗಾಜಿನ ಬಳಕೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 16231, ಸುರಕ್ಷತಾ ಗಾಜಿಗೆ ಸಂಬಂಧಿಸಿದ್ದು ಐಎಸ್ 2553. ಟಫನ್ಡ್ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಗುರುತು ಇರುತ್ತದೆ. ಐಎಸ್‌ಐ ಗುರುತಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಗಟ್ಟಿಗೊಳಿಸಿದ ಮೇಲೆ ಈ ಗಾಜನ್ನು ಕತ್ತರಿಸಲು ಬಾರದು. ಆದ್ದರಿಂದ ಚೌಕಟ್ಟು ಕೂರಿಸಿದ ಮೇಲೆ ಅಳತೆ ತೆಗೆದು ಬೇಡಿಕೆ ಸಲ್ಲಿಸತಕ್ಕದ್ದು. ಮೇಲಂತಸ್ತುಗಳಲ್ಲಿ, ಒಡೆದರೂ ಚೂರುಗಳು ಉದುರದೆ ನಡುವಿನ ಪದರಕ್ಕೆ ಅಂಟಿಕೊಂಡಿರುವ ಲ್ಯಾಮಿನೇಟೆಡ್ ಗಾಜು ಹೆಚ್ಚು ಕ್ಷೇಮ. ಅದು ಬಟ್ಟೆ, ಪೀಠೋಪಕರಣಗಳ ಬಣ್ಣ ಮಾಸಿಸುವ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ.

ಈಗಾಗಲೇ ಕಟ್ಟಿರುವ ಮನೆಗಳು

ಗಾಜು ಬದಲಾಯಿಸುವ ಮೊದಲು ಹೊರಗಿನ ನೆರಳಿನ ವ್ಯವಸ್ಥೆಯನ್ನು ಪ್ರಯತ್ನಿಸುವುದು ಕಡಿಮೆ ಖರ್ಚಿನ ದಾರಿ. ಬಿದಿರಿನ ತಟ್ಟಿ, ಲಾವಂಚದ ತಟ್ಟಿ, ಬಳ್ಳಿಯ ಚಪ್ಪರ ಇವುಗಳಿಂದ ಪಶ್ಚಿಮದ ಕೋಣೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಬಹುದು. ಗಾಜಿಗೆ ಅಂಟಿಸುವ ಸೌರನಿಯಂತ್ರಣ ಫಿಲ್ಮ್ ಇನ್ನೊಂದು ಮಾರ್ಗ. ಫಿಲ್ಮ್ ಹಚ್ಚಿದ ಗಾಜು ಹೆಚ್ಚು ಕಾಯುವುದರಿಂದ, ಹಳೆಯ ಗಾಜಿನ ಅಂಚು ಸೀಳಿದ್ದರೆ ಬಿರುಕು ಬಿಡಬಹುದು. ಎರಡು ಪದರದ ಗಾಜಿಗೆ ತಯಾರಕರನ್ನು ಕೇಳದೆ ಫಿಲ್ಮ್ ಹಚ್ಚಬಾರದು. ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಕಟ್ಟಡದ ಹೊರನೋಟ ಬದಲಾಗುವ ಯಾವುದೇ ಕೆಲಸಕ್ಕೂ ಮಾಲೀಕರ ಸಂಘದ ಒಪ್ಪಿಗೆಯನ್ನು ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ವಿಷಯಗಳು

ಇಂಧನ ಸಂರಕ್ಷಣಾ ಕಾಯ್ದೆ, 2001ರ ಅಡಿಯಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಗಿದ್ದು, 2022ರ ತಿದ್ದುಪಡಿಯಿಂದ ವಸತಿ ಕಟ್ಟಡಗಳನ್ನೂ ಇಂಧನ ಸಂರಕ್ಷಣಾ ಸಂಹಿತೆಯ ವ್ಯಾಪ್ತಿಗೆ ತರಲು ಅವಕಾಶವಾಗಿದೆ. 2018ರ ಸಂಹಿತೆಯನ್ನು 500 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚಿನ ನಿವೇಶನದಲ್ಲಿ ಕಟ್ಟುವ ವಸತಿ ಕಟ್ಟಡಗಳಿಗಾಗಿ ರೂಪಿಸಲಾಯಿತು. ಛಾವಣಿಯನ್ನು ಹೊರತುಪಡಿಸಿ ಗೋಡೆ ಮತ್ತು ಕಿಟಕಿಗಳ ಮೂಲಕ ಬರುವ ಶಾಖವು ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದೆಂದು ಅದು ಹೇಳುತ್ತದೆ. ಗೋಡೆಯ ವಿಸ್ತೀರ್ಣದಲ್ಲಿ ಶೇಕಡ 30ರವರೆಗೆ ಕಿಟಕಿಗಳಿದ್ದಲ್ಲಿ ಗಾಜಿನ ಬೆಳಕಿನ ಪ್ರಸರಣ ಶೇಕಡ 27ಕ್ಕಿಂತ ಕಡಿಮೆ ಇರಬಾರದೆಂದೂ ಸೂಚಿಸುತ್ತದೆ. ತೀರಾ ಕಪ್ಪಾದ ಪ್ರತಿಫಲಕ ಗಾಜು ಈ ಪರೀಕ್ಷೆಯಲ್ಲಿ ನಿಲ್ಲದಿರಬಹುದು. ಯಾವ ಕಟ್ಟಡಕ್ಕೆ ಯಾವ ನಿಯಮ ಕಡ್ಡಾಯವೆಂಬುದು ರಾಜ್ಯದ ಅಧಿಸೂಚನೆ ಮತ್ತು ಸ್ಥಳೀಯ ಸಂಸ್ಥೆಯ ಕಟ್ಟಡ ಉಪವಿಧಿಗಳನ್ನು ಅವಲಂಬಿಸಿರುತ್ತದೆ. ನಕ್ಷೆ ಸಲ್ಲಿಸುವ ಮೊದಲು ಸಂಬಂಧಪಟ್ಟ ನಗರ ಸ್ಥಳೀಯ ಸಂಸ್ಥೆ, ಯೋಜನಾ ಪ್ರಾಧಿಕಾರ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು. ರಾಜ್ಯದಲ್ಲಿ ಇಂಧನ ಸಂರಕ್ಷಣೆಗೆ ನಿಯೋಜಿತ ಸಂಸ್ಥೆಯಾಗಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಕಾರ್ಯನಿರ್ವಹಿಸುತ್ತಿದೆ.

ಸಣ್ಣ ನಿವೇಶನದವರಿಗೆ ಈ ಸಂಹಿತೆ ಅನ್ವಯವಾಗದಿದ್ದರೂ, ನಕ್ಷೆ ತಯಾರಿಸುವ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಬಳಿ ಬಾಗಿಲು ಕಿಟಕಿಗಳ ಪಟ್ಟಿಯಲ್ಲಿ ಅಳತೆಯ ಜೊತೆಗೆ ದಿಕ್ಕು, ತೆರೆಯುವ ಬಗೆ, ಸಜ್ಜಾದ ಅಗಲ ಮತ್ತು ಗಾಜಿನ ವಿವರವನ್ನು ಬರೆಸಿಕೊಳ್ಳಬಹುದು. ಹಾಗೆ ಬರೆದಿದ್ದಲ್ಲಿ ಗುತ್ತಿಗೆದಾರರು ಕೊನೆಯಲ್ಲಿ ಬೇರೆ ಗಾಜು ಹಾಕುವುದಕ್ಕೆ ಅವಕಾಶವಿರುವುದಿಲ್ಲ.

ಖರೀದಿಸುವಾಗ ದರಪಟ್ಟಿಯಲ್ಲಿ ಹಸಿರು ಗಾಜು, ಹೀಟ್ ಪ್ರೂಫ್ ಗಾಜು ಎಂಬಂತಹ ಬರವಣಿಗೆಯನ್ನು ಒಪ್ಪಿಕೊಳ್ಳಕೂಡದು. ತಯಾರಕರ ಹೆಸರು, ಗಾಜಿನ ಮಾದರಿ ಸಂಖ್ಯೆ, ದಪ್ಪ, ಮೇಲೆ ಹೇಳಿದ ಮೂರು ಸಂಖ್ಯೆಗಳು, ಎರಡು ಪದರದ ಗಾಜಾದಲ್ಲಿ ಲೇಪನ ಯಾವ ಮೈಯಲ್ಲಿದೆ ಹಾಗೂ ನಡುವೆ ತೇವ ಸೇರಿ ಮಂಜುಗಟ್ಟಿದರೆ ಎಷ್ಟು ವರ್ಷದ ಖಾತರಿ ಎಂಬುದನ್ನು ಬರೆಸಿಕೊಂಡು, ಜಿಎಸ್‌ಟಿ ಬಿಲ್ಲಿನಲ್ಲಿಯೂ ಅದೇ ಮಾದರಿ ಸಂಖ್ಯೆ ಇರುವಂತೆ ನೋಡಿಕೊಳ್ಳತಕ್ಕದ್ದು. ಗಾಜು ಬಂದ ದಿನ ಅದರ ಮೇಲಿನ ಚೀಟಿಗಳನ್ನು ಕೀಳುವ ಮೊದಲು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು. ಬಿಲ್ಲಿನಲ್ಲಿ ಒಂದು, ಗೋಡೆಯಲ್ಲಿ ಇನ್ನೊಂದು ಕಂಡುಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಬಿಲ್ಲು, ದರಪಟ್ಟಿ ಮತ್ತು ಛಾಯಾಚಿತ್ರಗಳೊಂದಿಗೆ ದೂರು ಸಲ್ಲಿಸಬಹುದು.